ಮಾವ್ಶಿಯ ಪೆಟ್ಟಿಗೆಯಲ್ಲಿ ಲಾರಾ ಆಶ್ಲಿ ಗೌನು: ಕತ್ತರಿ ಹಾಕಿಸಲಾ, ಹಾಗೇ ಇಡಲಾ?

ಬೆಂದೂರಿನ ಮಗಳು

ಎಲ್ಲರಿಗೂ ನಮಸ್ಕಾರ. ಹಳೇ ಬಟ್ಟೆ ಬಗ್ಗೆ ಗೊತ್ತಿರುವವರು ಇಲ್ಲಿ ಇದ್ದೀರಿ ಅಂತ ಧೈರ್ಯ ಮಾಡಿ ಕೇಳುತ್ತಿದ್ದೇನೆ.

ನನ್ನ ಅಮ್ಮನ ಅಕ್ಕ, ನಾವು ಮಾವ್ಶಿ ಅಂತ ಕರೆಯುತ್ತೇವೆ, 1971ರಲ್ಲಿ ನರ್ಸ್ ಕೆಲಸಕ್ಕೆ ಲಂಡನ್ನಿಗೆ ಹೋದವರು. ಹನ್ನೆರಡು ವರ್ಷ ಅಲ್ಲಿದ್ದು ಊರಿಗೆ ಬಂದರು. ಈಗ 78 ವರ್ಷ. ಕಳೆದ ವಾರ ಮಾಡು ಸೋರುತ್ತದೆ ಅಂತ ಅಟ್ಟ ಖಾಲಿ ಮಾಡುವಾಗ ಅವರ ತಗಡಿನ ಪೆಟ್ಟಿಗೆ ಕೆಳಗೆ ಬಂತು. ಮೇಲೆ ಉಲ್ಲನ್ ಕೋಟು, ಅದರ ಕೆಳಗೆ ಹಳೇ ವಾಯಿಲ್ ಸೀರೆಯಲ್ಲಿ ಸುತ್ತಿಟ್ಟ ಒಂದು ಗೌನು.

ಕಡುಗೆಂಪು ಹತ್ತಿ ಬಟ್ಟೆ. ಮೈತುಂಬಾ ಅಕ್ಕಿ ಕಾಳಿನಷ್ಟು ಸಣ್ಣ ಬಿಳಿ ಹೂ. ಕುತ್ತಿಗೆ ಪೂರ್ತಿ ಮುಚ್ಚುವ ಕಾಲರು, ಅದರ ಅಂಚಿಗೆ ಲೇಸು. ಎದೆ ಮೇಲೆ ಸಾಲು ಸಾಲಾಗಿ ಕಡ್ಡಿಯಷ್ಟು ಸಪೂರ ಮಡಿಕೆ ಹೊಲಿಗೆ. ಕೈ ಭುಜದ ಹತ್ತಿರ ಉಬ್ಬಿಕೊಂಡು ಮಣಿಕಟ್ಟಿಗೆ ಬಿಗಿ. ಪಾದದ ತನಕ ಉದ್ದ, ಕೆಳಗೆ ಒಂದು ಗೇಣು ಅಗಲದ ಫ್ರಿಲ್. ಲೇಬಲ್ಲಿನಲ್ಲಿ ಲಾರಾ ಆಶ್ಲಿ ಅಂತ ಉಂಟು, ಕೆಳಗೆ ಮೇಡ್ ಇನ್ ಕಾರ್ನೊ, ವೇಲ್ಸ್. ನನಗೆ ಆ ಹೆಸರು ಗೊತ್ತೇ ಇರಲಿಲ್ಲ. ಫೋನಿನಲ್ಲಿ ಹುಡುಕಿದರೆ ಇಂಥದ್ದನ್ನು ಕೂಡಿಡುವವರು ಲೋಕದಲ್ಲೆಲ್ಲ ಇದ್ದಾರೆ ಅಂತ ಗೊತ್ತಾಯಿತು.

ನನಗೆ ಎರಡು ವಿಷಯ ತಿಳಿಯಬೇಕು. ಒಂದು, ಐವತ್ತು ವರ್ಷದ ಹಿಂದಿನ ಹತ್ತಿ ಗೌನಿಗೆ ಈಗಲೂ ಯಾಕೆ ಇಷ್ಟು ಆಸೆ? ಎರಡನೆಯದು, ಈ ಸಲದ ಮೊಂತಿ ಫೆಸ್ತಿಗೆ, ಅಂದರೆ ಮೇರಿ ಮಾತೆ ಹುಟ್ಟಿದ ದಿನದ ನಮ್ಮ ತೆನೆ ಹಬ್ಬಕ್ಕೆ, ನನಗೆ ಇದನ್ನು ಹಾಕಬೇಕು. ಸೊಂಟದಲ್ಲಿ ಮತ್ತು ಎದೆಯಲ್ಲಿ ಎರಡು ಇಂಚು ಸಾಲುವುದಿಲ್ಲ. ಬಿಚ್ಚಿಸಿ ಪಕ್ಕಕ್ಕೆ ಬೇರೆ ಬಟ್ಟೆ ಸೇರಿಸಬಹುದಾ? ಮಾವ್ಶಿಯನ್ನು ಕೇಳಿದರೆ "ನಿನ್ನದೇ ಈಗ, ನಿನಗೆ ಬೇಕಾದ ಹಾಗೆ ಮಾಡು" ಅಂದರು. ಆದರೆ ಹೇಳುವಾಗ ಗೌನನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು.

ಮಣಿಪಾಲ ಕಪಾಟು

ದಯವಿಟ್ಟು ಕತ್ತರಿ ಹಾಕಿಸಬೇಡಿ! ಮೊದಲು ಇದನ್ನು ಹೇಳಿ ಮತ್ತೆ ಉಳಿದದ್ದು ಬರೆಯುತ್ತೇನೆ.

ನನ್ನ ಹತ್ತಿರ ಲಾರಾ ಆಶ್ಲಿ ಮೂರು ಉಂಟು, ಮೂರೂ ಎಂಬತ್ತರ ದಶಕದವು. ಕಾರ್ನೊ ಲೇಬಲ್ಲಿನದ್ದು ಒಂದೂ ಸಿಕ್ಕಿಲ್ಲ. ಕೂಡಿಡುವವರು ಮೊದಲು ಹುಡುಕುವುದು ಅದನ್ನೇ. ಕಾರ್ನೊ ಅಂದರೆ ವೇಲ್ಸಿನ ಒಂದು ಸಣ್ಣ ಹಳ್ಳಿ. ರೈಲು ನಿಲ್ಲುವುದು ನಿಂತು ಹೋದ ಸ್ಟೇಷನ್ ಕಟ್ಟಡ ಅಲ್ಲಿ ಖಾಲಿ ಬಿದ್ದಿತ್ತು. 1967ರಲ್ಲಿ ಲಾರಾ ಮತ್ತು ಅವರ ಗಂಡ ಬರ್ನಾರ್ಡ್ ಅದನ್ನೇ ಕಾರ್ಖಾನೆ ಮಾಡಿಕೊಂಡರು. ಬಟ್ಟೆಗೆ ಅಚ್ಚು ಹಾಕುವುದು, ಕತ್ತರಿಸುವುದು, ಹೊಲಿಯುವುದು ಎಲ್ಲ ಆ ಸುತ್ತಿನ ಊರಿನವರ ಕೈಯಲ್ಲಿ ಆಗುತ್ತಿತ್ತು. ನಿಮ್ಮ ಮಾವ್ಶಿಯ ಗೌನು ಅಲ್ಲಿಂದ ಬಂದದ್ದು.

ಶುರುವಾದದ್ದು ಇನ್ನೂ ಹಿಂದೆ, 1953ರಲ್ಲಿ. ಲಂಡನ್ನಿನ ಪಿಮ್ಲಿಕೊದಲ್ಲಿ ಇವರದ್ದು ಸಣ್ಣ ಬಾಡಿಗೆ ಮನೆ. ಲಾರಾ ಮಹಿಳಾ ಸಂಘಗಳ ಒಕ್ಕೂಟದಲ್ಲಿ ಸೆಕ್ರೆಟರಿ ಆಗಿದ್ದವರು. ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಹಳ್ಳಿ ಹೆಂಗಸರ ಕೈಕೆಲಸದ ಪ್ರದರ್ಶನ ನೋಡಿದರು. ತುಂಡು ತುಂಡು ಬಟ್ಟೆ ಸೇರಿಸಿ ಹೊಲಿದ ಕೌದಿ ತಾನೂ ಮಾಡಬೇಕು ಅನ್ನಿಸಿತು. ಅಂಗಡಿಯಲ್ಲಿ ಕೇಳಿದರೆ ಅಂಥ ಸಣ್ಣ ಹೂವಿನ ಬಟ್ಟೆ ಎಲ್ಲೂ ಇಲ್ಲ. ಸರಿ, ನಾವೇ ಅಚ್ಚು ಹಾಕೋಣ ಅಂತ ಹತ್ತು ಪೌಂಡಿಗೆ ಮರದ ಚೌಕಟ್ಟು, ಬಣ್ಣ, ಸ್ವಲ್ಪ ಲಿನನ್ ತಂದು ಅಡುಗೆಮನೆ ಮೇಜಿನ ಮೇಲೆ ಶುರು ಮಾಡಿದರು. ಮೊದಲು ಮಾಡಿದ್ದು ತಲೆಗೆ ಕಟ್ಟುವ ಸ್ಕಾರ್ಫ್, ಟೇಬಲ್ ಮ್ಯಾಟ್, ಪಾತ್ರೆ ಒರೆಸುವ ಬಟ್ಟೆ. ಬರ್ನಾರ್ಡ್‌ಗೆ ಯಂತ್ರದ ಕೆಲಸದಲ್ಲಿ ಒಳ್ಳೇ ಕೈ. ಅಚ್ಚು ಹಾಕುವ ಮೆಷೀನನ್ನು ಅವರೇ ಕಟ್ಟಿದರು.

ನನಗೆ ಈ ಕಥೆಯಲ್ಲಿ ತುಂಬಾ ಇಷ್ಟ ಆಗುವುದು ಇದೇ. ದೊಡ್ಡ ಫ್ಯಾಷನ್ ಶಾಲೆಯಲ್ಲಿ ಕಲಿತು ಬಂದವರಲ್ಲ. ತನಗೆ ಬೇಕಾದ ಬಟ್ಟೆ ಪೇಟೆಯಲ್ಲಿ ಸಿಗಲಿಲ್ಲ ಅಂತ ಮಾಡಿಕೊಂಡವರು.

ಕುಂದಾಪುರದ ಅಕ್ಕ

ಓದಿ ಖುಷಿಯಾಯಿತು. ಒಂದು ಪ್ರಶ್ನೆ. ಅದು ಬೆಲೆಬಾಳುವ ಗೌನೇ ಆಗಿದ್ದರೆ ಒಬ್ಬ ನರ್ಸ್ ಸಂಬಳದಲ್ಲಿ ಹೇಗೆ ತೆಗೆದುಕೊಂಡರು?

ಮಣಿಪಾಲ ಕಪಾಟು

ಒಳ್ಳೇ ಪ್ರಶ್ನೆ ಅಕ್ಕ. ಆಗ ಅದು ದುಬಾರಿ ಬಟ್ಟೆ ಆಗಿರಲೇ ಇಲ್ಲ. ಲಂಡನ್ನಿನಲ್ಲಿ ಅವರ ಹೆಸರಿನ ಮೊದಲ ಅಂಗಡಿ 1968ರಲ್ಲಿ ಸೌತ್ ಕೆನ್ಸಿಂಗ್ಟನ್ನಿನಲ್ಲಿ ತೆರೆಯಿತು. 1970ರಲ್ಲಿ ಫುಲ್‌ಹ್ಯಾಮ್ ರೋಡಿನ ಅಂಗಡಿಯಲ್ಲಿ ಒಂದೇ ವಾರದಲ್ಲಿ 4,000 ಗೌನು ಹೋಯಿತು. ಶ್ರೀಮಂತರು ಮಾತ್ರ ತೆಗೆದುಕೊಂಡರೆ ಅಷ್ಟು ಹೋಗುತ್ತದಾ? ಟೀಚರು, ಟೈಪಿಸ್ಟು, ನರ್ಸು, ಕಾಲೇಜು ಹುಡುಗಿ, ಎಲ್ಲರೂ ಹಾಕಿದ ಬಟ್ಟೆ ಅದು.

ಹಾಗಾಗಿ ಅಪರೂಪದ್ದು ಅಂತ ಮಾತ್ರ ಇದನ್ನು ಕೂಡಿಡುವುದಲ್ಲ. ಮಾಡುವಾಗ ಸಾವಿರಗಟ್ಟಲೆ ಮಾಡಿದ್ದಾರೆ. ಎಲ್ಲರೂ ಹಾಕಿ ಹಾಕಿ ಸವೆಸಿದ್ದಾರೆ, ಮಕ್ಕಳಿಗೆ ಚಿಕ್ಕದು ಮಾಡಿಸಿ ಕೊಟ್ಟಿದ್ದಾರೆ, ಕೊನೆಗೆ ನೆಲ ಒರೆಸಿದ್ದಾರೆ. ಇಷ್ಟೆಲ್ಲ ಆಗಿಯೂ ಉಳಿದದ್ದು ಕೈಗೆ ಸಿಕ್ಕಿದಾಗ ಬಿಡಲು ಮನಸ್ಸಾಗುವುದಿಲ್ಲ.

ಹಂಪನಕಟ್ಟೆ ಟೈಲರ್

ನಾನು ಮೂವತ್ತೈದು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ಇಂಥ ಗೌನು ನನ್ನ ಕೈಗೆ ನಾಲ್ಕೈದು ಸಲ ಬಂದಿದೆ. ಲಂಡನ್ನಿನಿಂದ ಅಕ್ಕ ಕಳಿಸಿದ್ದು, ಇದೇ ಥರ ಇನ್ನೊಂದು ಹೊಲಿದು ಕೊಡಿ ಅಂತ ತರುತ್ತಿದ್ದರು. ಲೇಬಲ್ ಓದಲು ನಾನು ಹೋಗಿರಲಿಲ್ಲ. ಒಳಗಿನ ಹೊಲಿಗೆ ಮಾತ್ರ ನೆನಪಿದೆ.

ನಮ್ಮ ಮಗಳಿಗೆ ಒಂದು ಮಾತು. ಗೌನನ್ನು ಒಳಮೈ ಹೊರಗೆ ಮಾಡಿ ಹಾಸಿಗೆ ಮೇಲೆ ಹರಡಿ. ಪಕ್ಕದ ಹೊಲಿಗೆಯಲ್ಲಿ ಎಷ್ಟು ಮಾರ್ಜಿನ್ ಬಿಟ್ಟಿದ್ದಾರೆ ಅಳೆಯಿರಿ. ಈಗಿನ ರೆಡಿಮೇಡಿನಲ್ಲಿ ಓವರ್‌ಲಾಕ್ ಹೊಡೆದು ಒಂದು ಸೆಂಟಿಮೀಟರೂ ಇರುವುದಿಲ್ಲ. ಹಳೇದರಲ್ಲಿ ಜಾಸ್ತಿ ಸಿಗಬಹುದು. ಮೊದಲು ನೋಡಿ, ಮತ್ತೆ ಬಿಚ್ಚುವ ಮಾತು. ಬೇರೆ ಬಟ್ಟೆ ಸೇರಿಸಿದರೆ ನಾಲ್ಕೇ ದಿನದಲ್ಲಿ ಅದು ಬೇರೆ ಅಂತ ಕಾಣುತ್ತದೆ. ಹಳೇ ಹತ್ತಿ ತೊಳೆದು ತೊಳೆದು ಕುಗ್ಗಿ ನಿಂತಿದೆ, ಹೊಸದು ಇನ್ನು ಕುಗ್ಗಬೇಕು. ಒಂದು ಕಡೆ ಎಳೆದುಕೊಳ್ಳುತ್ತದೆ.

ಸೈಜಿನ ಬಗ್ಗೆ ತಲೆಬಿಸಿ ಬೇಡ. ಆ ಕಾಲದ ಇಂಗ್ಲೆಂಡಿನ 12 ಅಂದರೆ ಈಗಿನ 8 ಅಥವಾ 10ಕ್ಕೆ ಹತ್ತಿರ. ಲೇಬಲ್ಲಿನ ನಂಬರ್ ನೋಡಬೇಡಿ, ಟೇಪ್ ನಂಬಿ.

ಇನ್ನೊಂದು. ಮಣಿಪಾಲದ ಅಮ್ಮ ಕತ್ತರಿ ಬೇಡ ಅಂದರು. ನನ್ನ ಮನಸ್ಸು ಬೇರೆ ಹೇಳುತ್ತದೆ. ಹಾಕಲಾಗದ ಬಟ್ಟೆ ಕಪಾಟಿನಲ್ಲಿ ಕೂತು ಏನು ಪ್ರಯೋಜನ? ಹೊಲಿದವರು ಯಾರೋ ಒಬ್ಬರ ಮೈ ಮೇಲೆ ಇರಲಿ ಅಂತ ಹೊಲಿದಿದ್ದಾರೆ.

ರಥಬೀದಿ ಟೀಚರ್

ಉಡುಪಿಯಿಂದ ಬರೆಯುತ್ತಿದ್ದೇನೆ. ಆ ಅಕ್ಕಿ ಕಾಳಿನಷ್ಟು ಸಣ್ಣ ಹೂ ಅಂದಿರಲ್ಲ, ಅದರ ಬಗ್ಗೆ ಸ್ವಲ್ಪ ಹೇಳಬೇಕು. ಅದು ಇಂಗ್ಲೆಂಡಿನ ಹೂವಾ? ಹೂ ಅಲ್ಲಿಯದ್ದೇ ಇರಬಹುದು. ಬಟ್ಟೆ ಮೇಲೆ ಅದನ್ನು ಮೂಡಿಸುವ ಆಸೆ ಹೋದದ್ದು ನಮ್ಮಲ್ಲಿಂದ.

ನಮ್ಮ ಅಜ್ಜಿಯ ಕಾಲದವರು ಹೂವಿನ ಬಟ್ಟೆಗೆ ಚೀಟಿ ಬಟ್ಟೆ ಅನ್ನುತ್ತಿದ್ದರು. ಇಂಗ್ಲಿಷಿನವರ ಚಿಂಟ್ಜ್ ಮತ್ತು ಈ ಚೀಟಿ ಒಂದೇ ಬೇರಿನ ಮಾತು. ಕ್ಯಾಲಿಕೊ ಅನ್ನುವ ಹೆಸರು ಬಂದದ್ದು ನಮ್ಮ ಕೆಳಗಿನ ಕಲ್ಲಿಕೋಟೆಯಿಂದ. ಕೋರಮಂಡಲ ಕರಾವಳಿಯ ಬಣ್ಣಗಾರರಿಗೆ ಪಟಿಕದ ಗುಟ್ಟು ಗೊತ್ತಿತ್ತು. ಪಟಿಕ ಹಾಕಿದ ಕಡೆ ಬೇರಿನ ಕೆಂಪು ಹತ್ತಿಗೆ ಕಚ್ಚಿಕೊಳ್ಳುತ್ತದೆ, ತೊಳೆದರೆ ಹೋಗುವುದಿಲ್ಲ. ಯುರೋಪಿನಲ್ಲಿ ಆಗ ಹತ್ತಿಗೆ ಹಾಗೆ ಬಣ್ಣ ಹಾಕಲು ಬರುತ್ತಿರಲಿಲ್ಲ. ಅಲ್ಲಿನ ಹೆಂಗಸರು ಈ ಬಟ್ಟೆಗೆ ಎಷ್ಟು ಮುಗಿಬಿದ್ದರು ಅಂದರೆ ಉಣ್ಣೆ ಮತ್ತು ರೇಷ್ಮೆ ನೇಯುವವರು ಗಲಾಟೆ ಮಾಡಿದರು. 1701ರಲ್ಲಿ ಇಂಗ್ಲೆಂಡ್ ನಮ್ಮ ಅಚ್ಚಿನ ಬಟ್ಟೆ ಬರುವುದಕ್ಕೇ ತಡೆ ಹಾಕಿತು. 1721ರಲ್ಲಿ ಅಚ್ಚಿನ ಹತ್ತಿ ಬಟ್ಟೆ ತೊಡುವುದನ್ನೂ ಹೆಚ್ಚುಕಡಿಮೆ ನಿಲ್ಲಿಸಿತು. ಅದು ಸಡಿಲವಾದದ್ದು 1774ರಲ್ಲಿ.

ಲಾರಾ ಆಶ್ಲಿ ಹದಿನೆಂಟು, ಹತ್ತೊಂಬತ್ತನೇ ಶತಮಾನದ ಹಳೇ ಬಟ್ಟೆ ತುಂಡುಗಳನ್ನು ಹುಡುಕಿ ಅದರ ಹೂಗಳನ್ನು ಮತ್ತೆ ಅಚ್ಚಿಗೆ ತಂದವರು. ಅಂದರೆ ಮಾವ್ಶಿ ಲಂಡನ್ನಿನಲ್ಲಿ ಕೊಂಡ ಗೌನಿನಲ್ಲಿ ನಮ್ಮ ಚೀಟಿ ಬಟ್ಟೆಯ ನೆರಳು ಉಂಟು. ಅದು ತಿರುಗಿ ಬೆಂದೂರಿಗೆ ಬಂದು ಅಟ್ಟದಲ್ಲಿ ಕೂತದ್ದನ್ನು ನೆನೆಸಿಕೊಂಡರೆ ನನಗೆ ರೋಮಾಂಚನ ಆಗುತ್ತದೆ.

ಕಿನ್ನಿಗೋಳಿ ಮಗ್ಗ

ಟೀಚರ್ ಹೇಳಿದ್ದು ಸರಿ. ಆದರೆ ನನಗೆ ಒಂದು ಬೇಸರ ಉಂಟು, ಹೇಳಿಬಿಡುತ್ತೇನೆ.

ನಮ್ಮದು ನೇಕಾರರ ಮನೆ. ಅಜ್ಜ ಉಡುಪಿ ಸೀರೆ ನೇಯುತ್ತಿದ್ದರು. ಹಾಸಿನ ನೂಲಿಗೆ ಅಕ್ಕಿ ಗಂಜಿ ಹಚ್ಚಿ, ಬ್ರಷ್ಷಿನಲ್ಲಿ ಎಳೆ ಎಳೆ ಬಿಡಿಸಿ, ಮಳೆಗಾಲದಲ್ಲಿ ಅದು ಒಣಗದೆ ಕಾಯುತ್ತಾ ಕೂರುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟುತ್ತದೆ. ಒಂದು ಕಾಲದಲ್ಲಿ ಈ ಜಿಲ್ಲೆಯ ಹೆಂಗಸರು ದಿನಾ ಉಡುತ್ತಿದ್ದ ಸೀರೆ ಅದು. ಪವರ್‌ಲೂಮ್ ಮತ್ತು ಪಾಲಿಯೆಸ್ಟರ್ ಬಂದ ಮೇಲೆ ಮಗ್ಗ ಒಂದೊಂದಾಗಿ ನಿಂತವು. 2016ರಲ್ಲಿ ಜಿಐ ಮಾನ್ಯತೆ, ಅಂದರೆ ಇದು ಈ ಊರಿನದ್ದೇ ಅನ್ನುವ ಸರಕಾರಿ ಗುರುತು, ಸಿಕ್ಕಿತು. ತಾಳಿಪಾಡಿ ನೇಕಾರರ ಸಂಘದಲ್ಲಿ ಈಗ ಮತ್ತೆ ಜೀವ ಬಂದಿದೆ, ಅಡಿಕೆಯ ಬಣ್ಣ ಕೂಡ ಹಾಕುತ್ತಾರೆ. ಆದರೂ ಹಳೇ ಉಡುಪಿ ಸೀರೆ ಒಂದನ್ನು ಯಾರಾದರೂ ವಾಯಿಲಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟಿದ್ದಾರಾ? ನಾನು ಎರಡು ವರ್ಷದಿಂದ ಅಜ್ಜ ನೇಯ್ದ ಒಂದು ಸೀರೆ ಸಿಗುತ್ತದಾ ಅಂತ ಕೇಳುತ್ತಾ ತಿರುಗುತ್ತಿದ್ದೇನೆ. ಒಂದೂ ಸಿಗಲಿಲ್ಲ. ಎಲ್ಲ ತೊಟ್ಟಿಲ ಬಟ್ಟೆಯಾಗಿ, ಕೈಮಸಿ ಬಟ್ಟೆಯಾಗಿ ಮುಗಿದಿವೆ.

ಲೇಬಲ್ ಇದ್ದರೆ ಮಾತ್ರ ಇಡುತ್ತೇವಾ? ಅಜ್ಜನ ಸೀರೆಗೆ ಹೆಸರು ಇರಲಿಲ್ಲ.

ಮಣಿಪಾಲ ಕಪಾಟು

ಕಿನ್ನಿಗೋಳಿಯವರೇ, ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ನೀವು ಹೇಳಿದ್ದು ಮನಸ್ಸಿಗೆ ತಾಗಿತು. ನನ್ನ ಅತ್ತೆಯ ಕಪಾಟಿನಲ್ಲಿ ಹಳೇ ಹತ್ತಿ ಸೀರೆ ಎರಡು ಉಂಟು, ಬೂದು ಮೈ, ಕೆಂಪು ಅಂಚು, ಸೆರಗಿನಲ್ಲಿ ಸಣ್ಣ ಬುಟ್ಟಾ. ಉಡುಪಿಯದ್ದೇ ಅಂತ ಅತ್ತೆ ಹೇಳುತ್ತಿದ್ದರು. ಫೋಟೋ ಕಳಿಸುತ್ತೇನೆ, ನೀವು ನೋಡಿ.

ಜೆಪ್ಪು ಹಂಚು

ನಾನು ಬಟ್ಟೆಯವನಲ್ಲ, ಹಳೇ ಹಂಚು ಕೂಡಿಡುವವನು. ಆದರೂ ಈ ಮಾತಿಗೆ ಸುಮ್ನೆ ಇರಲು ಆಗುತ್ತಿಲ್ಲ.

ಮಂಗಳೂರು ಹಂಚಿನ ಹಿಂದೆ ಕಾರ್ಖಾನೆ ಹೆಸರಿನ ಮುದ್ರೆ ಇರುತ್ತದೆ. ಬಾಸೆಲ್ ಮಿಷನ್ನಿನವರು ಇಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆ ಮುದ್ರೆ ಇರುವ ಹಂಚು ಸಿಕ್ಕಿದರೆ ನಾವು ಕೆಲವರು ಹಬ್ಬ ಮಾಡುತ್ತೇವೆ. ಮುದ್ರೆ ಇಲ್ಲದ ಹಂಚೂ ಅಷ್ಟೇ ಮಳೆ ತಡೆದಿದೆ. ಅದನ್ನು ಯಾರೂ ಕೇಳುವುದಿಲ್ಲ. ಕಿನ್ನಿಗೋಳಿ ಅಣ್ಣನ ನೋವು ನನಗೆ ಅರ್ಥವಾಗುತ್ತದೆ.

ಮುದ್ರೆಯಿಂದ ಒಂದು ಉಪಕಾರ ಆಗುತ್ತದೆ. ಯಾವ ಊರಿನ ಮಣ್ಣು, ಯಾವ ಕೆಲಸಗಾರರು ಅಂತ ಹುಡುಕಲು ಒಂದು ದಾರಿ ಸಿಗುತ್ತದೆ. ಹಂಚಿನ ಕಾರ್ಖಾನೆಗಳು ಮುಚ್ಚಿದ ಮೇಲೆ ಉಳಿದಿರುವುದು ಆ ಅಕ್ಷರ ಮಾತ್ರ. ಕಾರ್ನೊದ ಕಾರ್ಖಾನೆ ಈಗಲೂ ಉಂಟಾ?

ಮಣಿಪಾಲ ಕಪಾಟು

ಇಲ್ಲ, ಅದೂ ಮುಚ್ಚಿತು. ಲಾರಾ ತೀರಿಕೊಂಡದ್ದು 1985ರ ಸೆಪ್ಟೆಂಬರಿನಲ್ಲಿ. ಮೆಟ್ಟಿಲಿನಿಂದ ಬಿದ್ದು, ಕೆಲವು ದಿನ ಆಸ್ಪತ್ರೆಯಲ್ಲಿದ್ದು ಹೋದರು. ಆಗಷ್ಟೇ ಅರವತ್ತು ತುಂಬಿತ್ತು. ಕಂಪನಿ ಆಮೇಲೆ ತುಂಬಾ ದೊಡ್ಡದಾಯಿತು, ಕೈ ಬದಲಾಯಿತು, 2020ರಲ್ಲಿ ದಿವಾಳಿಯ ಅಂಚಿಗೆ ಬಂತು. ಹೆಸರು ಈಗಲೂ ಉಂಟು, ಸೋಫಾ ಮೇಲೆ, ಪರದೆ ಮೇಲೆ. ಆದರೆ ಕೂಡಿಡುವವರು ಹುಡುಕುವುದು ವೇಲ್ಸಿನಲ್ಲಿ ಹೊಲಿದ ಎಪ್ಪತ್ತರ ದಶಕದ್ದನ್ನು. 2013ರಲ್ಲಿ ಬಾತ್ ನಗರದ ಫ್ಯಾಷನ್ ಮ್ಯೂಸಿಯಮ್ಮಿನಲ್ಲಿ ಇಂಥ ಗೌನುಗಳದ್ದೇ ಒಂದು ಪ್ರದರ್ಶನ ಮಾಡಿದರು.

ಮತ್ತೆ ಆ ಮೊದಲ ಪ್ರಶ್ನೆ, ಈಗಲೂ ಯಾಕೆ ಆಸೆ ಅಂತ. ನನಗೆ ಅನ್ನಿಸಿದ್ದು ಹೇಳುತ್ತೇನೆ. ಲಾರಾ ಆ ವರ್ಷದ ಫ್ಯಾಷನ್ ಹಿಂದೆ ಓಡಲಿಲ್ಲ. ಎಲ್ಲರೂ ಮಿನಿ ಹಾಕುವಾಗ ಪಾದದ ತನಕ ಇಳಿಬಿಟ್ಟರು. ಎಲ್ಲರೂ ನೈಲಾನ್ ಅನ್ನುವಾಗ ಹತ್ತಿ ಹಿಡಿದರು. ಆಗಲೇ ನೂರು ವರ್ಷ ಹಳೇದಾಗಿ ಕಾಣುತ್ತಿದ್ದ ಬಟ್ಟೆ ಇನ್ನು ಹಳೇದಾಗುವುದು ಹೇಗೆ? 2018ರ ಸುಮಾರಿಗೆ ಅಮೆರಿಕದಲ್ಲಿ ಇದೇ ಮಾದರಿಯ ಉದ್ದ ಗೌನುಗಳು ಮತ್ತೆ ಬಂದವು. ಆಗ ಹೊಸದನ್ನು ಕೊಂಡವರು ಮೂಲ ಯಾವುದು ಅಂತ ಹುಡುಕುತ್ತಾ ಹಿಂದಕ್ಕೆ ಹೋದರು. ಅಮೆರಿಕದ ಗನ್ನಿ ಸ್ಯಾಕ್ಸ್ ಗೌನಿಗೂ ಇದೇ ಥರ ಹುಡುಕಾಟ ಉಂಟು. ಜೆಸಿಕಾ ಮೆಕ್‌ಕ್ಲಿಂಟಾಕ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾಡುತ್ತಿದ್ದರು. ಅದರಲ್ಲಿ ಲೇಸು, ರಿಬ್ಬನ್ ಜಾಸ್ತಿ, ಮದುವೆ ಮನೆಗೆ ಚಂದ. ಲಾರಾ ಆಶ್ಲಿಯದ್ದು ಹಾಕಿಕೊಂಡು ತೋಟದಲ್ಲಿ ಕೆಲಸ ಮಾಡಬಹುದು. ನನಗೆ ಇದೇ ಇಷ್ಟ.

ಬೆಂದೂರಿನ ಮಗಳು

ಇಷ್ಟೆಲ್ಲ ಬರೆದಿರಿ, ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದ ಮೇಲೆ ಮಾವ್ಶಿಗೆ ಎಲ್ಲವನ್ನೂ ಓದಿ ಹೇಳಿದೆ. ಮಿನಿ ಅನ್ನುವ ಕಡೆ ಬಂದಾಗ ನಿಲ್ಲಿಸು ಅಂದರು.

ಅವರು ಹೋದಾಗ ಹಾಸ್ಟೆಲಿನ ಹುಡುಗಿಯರೆಲ್ಲ ಗಿಡ್ಡ ಸ್ಕರ್ಟು ಹಾಕುತ್ತಿದ್ದರಂತೆ. ಮಾವ್ಶಿ ಊರಿನಿಂದ ತಂದದ್ದು ನಾಲ್ಕು ಸೀರೆ. ಚಳಿಗೆ ಸೀರೆ ಸಾಕಾಗುವುದಿಲ್ಲ, ಬಸ್ಸು ಹತ್ತುವಾಗ ನೆರಿಗೆ ಒದ್ದೆ. ಪೇಟೆಯಲ್ಲಿ ಸಿಗುವ ಡ್ರೆಸ್ಸು ಹಾಕಿ ಇಗರ್ಜಿಗೆ ಹೋಗಲು ಮನಸ್ಸು ಒಪ್ಪುತ್ತಿರಲಿಲ್ಲ. ಊರಿಗೆ ಫೋಟೋ ಕಳಿಸುವುದು ಹೇಗೆ ಅಂತ ಚಿಂತೆ ಬೇರೆ. 1974ರಲ್ಲಿ ಒಂದು ಅಂಗಡಿಯ ಕಿಟಕಿಯಲ್ಲಿ ಈ ಗೌನು ಕಂಡಿತು. ಕುತ್ತಿಗೆ ಮುಚ್ಚುತ್ತದೆ, ಕೈ ಮುಚ್ಚುತ್ತದೆ, ಕಾಲು ಮುಚ್ಚುತ್ತದೆ, ಆದರೂ ಚಂದ! "ನನಗೇ ಅಂತ ಹೊಲಿದ ಹಾಗಿತ್ತು ಬಾಯೆ" ಅಂದರು. ಅದನ್ನು ಹಾಕಿ ತೆಗೆದ ಫೋಟೋ ಅಜ್ಜಿ ಸಾಯುವ ತನಕ ದೇವರ ಮೇಜಿನ ಹತ್ತಿರ ಇಟ್ಟಿದ್ದರು. ನಾನು ಚಿಕ್ಕಂದಿನಿಂದ ನೋಡಿದ ಫೋಟೋ ಅದು. ಕಪ್ಪು ಬಿಳುಪಾದ್ದರಿಂದ ಗೌನು ಕೆಂಪು ಅಂತ ನನಗೆ ತಿಳಿದಿರಲಿಲ್ಲ.

ಟೈಲರ್ ಅಣ್ಣ, ಒಳಮೈ ತಿರುಗಿಸಿ ನೋಡಿದೆ. ಪಕ್ಕದಲ್ಲಿ ಎರಡು ಸಾಲು ಹೊಲಿಗೆ ಉಂಟು. ಒಂದು ಮೆಷೀನಿನದ್ದು. ಇನ್ನೊಂದು ಅದಕ್ಕಿಂತ ಒಳಗೆ, ಕೈ ಹೊಲಿಗೆ, ನೂಲೂ ಬೇರೆ ಬಣ್ಣ. ಇದು ಎಂತದು?

ಇನ್ನೊಂದು ತೊಂದರೆ. ಕೆಳಗಿನ ಫ್ರಿಲ್ಲಿನಲ್ಲಿ ಬೂಷ್ಟು ಹಿಡಿದಿದೆ, ಬೆನ್ನಿನ ಹುಕ್ಕಿನ ಹತ್ತಿರ ತುಕ್ಕಿನ ಕಲೆ. ಡ್ರೈಕ್ಲೀನಿಗೆ ಕೊಡಲಾ?

ಮಣಿಪಾಲ ಕಪಾಟು

ಡ್ರೈಕ್ಲೀನಿಗೆ ಕೊಡುವ ಮೊದಲು ನನ್ನ ಕಥೆ ಕೇಳಿ. ಎಂಟು ವರ್ಷದ ಹಿಂದೆ ನಾನು ಒಂದು ಬಿಳಿ ಲೇಸಿನ ಗೌನನ್ನು ಒಂದು ಅಂಗಡಿಗೆ ಕೊಟ್ಟೆ. ಹಳೇ ಬಟ್ಟೆ, ಜೋಪಾನ ಅಂತ ಎರಡು ಸಲ ಹೇಳಿದ್ದೆ. ವಾಪಸು ಬಂದಾಗ ಲೇಸು ಹಳದಿಯಾಗಿತ್ತು, ಕಾಲರಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಗುರುತು ಕೂತಿತ್ತು. ದುಡ್ಡು ಬೇಡ ಅಂದರು. ದುಡ್ಡಿನಿಂದ ನನಗೆ ಏನಾಗಬೇಕು? ಈಗಲೂ ಆ ಗೌನು ಹೊರಗೆ ತೆಗೆದಾಗ ಹೊಟ್ಟೆ ಉರಿಯುತ್ತದೆ.

ಅದಕ್ಕೆ ಈಗ ನಾನೇ ಮಾಡುತ್ತೇನೆ. ಬೂಷ್ಟು ಹಿಡಿದ ಬಟ್ಟೆಯನ್ನು ಒದ್ದೆ ಮಾಡಬೇಡಿ. ಮಳೆ ಬಿಟ್ಟ ದಿನ ನೋಡಿ ಅಂಗಳಕ್ಕೆ ಒಯ್ಯಿರಿ, ಮನೆಯೊಳಗೆ ಬೇಡ, ಪುಡಿ ಬೇರೆ ಬಟ್ಟೆಗೆ ಹಾರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತಗಿನ ಬ್ರಷ್ಷಿನಲ್ಲಿ ಕೊಡವಿ. ಆಮೇಲೆ ನೆರಳಿನಲ್ಲಿ ಗಾಳಿಗೆ ಹರಡಿ. ಬಿಸಿಲಿಗೆ ಹಾಕಿದರೆ ಆ ಕೆಂಪು ಹೋಗುತ್ತದೆ.

ತೊಳೆಯುವ ಮೊದಲು ಬಣ್ಣ ಬಿಡುತ್ತದಾ ನೋಡಬೇಕು. ಬಿಳಿ ಬಟ್ಟೆ ತುಂಡನ್ನು ಒದ್ದೆ ಮಾಡಿ ಒಳಗಿನ ಹೊಲಿಗೆ ಮೇಲೆ ಐದು ನಿಮಿಷ ಒತ್ತಿ ಹಿಡಿಯಿರಿ. ಗುಲಾಬಿ ಬಂದರೆ ನೀರಿಗೆ ಹಾಕಲೇಬೇಡಿ. ಬಾರದಿದ್ದರೆ ಅಗಲ ಟಬ್ಬಿನಲ್ಲಿ ತಣ್ಣೀರು, ಸ್ವಲ್ಪವೇ ಸೋಪು, ಉಜ್ಜುವುದಿಲ್ಲ, ಹಿಂಡುವುದಿಲ್ಲ. ಎತ್ತುವಾಗ ಭುಜ ಹಿಡಿದು ಎತ್ತಬೇಡಿ. ನೀರು ಕುಡಿದ ಗೌನಿನ ಭಾರಕ್ಕೆ ಹಳೇ ಹೊಲಿಗೆ ಕಿತ್ತು ಬರುತ್ತದೆ. ಕೆಳಗೆ ಟವೆಲು ಕೊಟ್ಟು ಮಗುವನ್ನು ಎತ್ತುವ ಹಾಗೆ ಎತ್ತಿ.

ತುಕ್ಕಿಗೆ ಲಿಂಬೆ, ಉಪ್ಪು ಹಾಕಿ ಅಂತ ಹೇಳುವವರು ಸಿಗುತ್ತಾರೆ. ಬಿಳಿ ಬಟ್ಟೆಗೆ ಆಗಬಹುದು, ಇದಕ್ಕೆ ಬೇಡ. ಕಲೆ ಜೊತೆ ಬಣ್ಣವೂ ಹೋಗುತ್ತದೆ. ಹುಕ್ಕು ಬಿಚ್ಚಿ, ತುಕ್ಕು ಹಿಡಿಯದ್ದು ಹಾಕಿಸಿ, ಕಲೆ ಅಲ್ಲೇ ಇರಲಿ.

ಕುಂದಾಪುರದ ಅಕ್ಕ

ನುಸಿಗುಳಿಗೆ ಹಾಕಬಹುದಾ? ನಮ್ಮ ಮನೆಯಲ್ಲಿ ಎಲ್ಲದಕ್ಕೂ ಅದೇ.

ಮಣಿಪಾಲ ಕಪಾಟು

ಬಟ್ಟೆಗೆ ತಾಗದ ಹಾಗೆ ಚೀಲದಲ್ಲಿ ಕಟ್ಟಿ ಇಟ್ಟರೆ ಪರವಾಗಿಲ್ಲ ಅಕ್ಕ, ನಾನು ಇಡುವುದಿಲ್ಲ. ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲ. ನಮ್ಮ ಊರಿನಲ್ಲಿ ಅದಕ್ಕಿಂತ ದೊಡ್ಡ ಶತ್ರು ಪ್ಲಾಸ್ಟಿಕ್ ಕವರ್. ಜೂನಿನ ತೇವ ಒಳಗೆ ಸಿಕ್ಕಿಕೊಂಡರೆ ಆಟಿ ತಿಂಗಳು ಮುಗಿಯುವುದರೊಳಗೆ ಬೂಷ್ಟು. ಗಂಜಿ ಹಾಕಿಯೂ ಇಡಬೇಡಿ, ಗಂಜಿಗೆ ಬೆಳ್ಳಿ ಹುಳ ಬರುತ್ತದೆ. ಮಾವ್ಶಿ ಮಾಡಿದ್ದೇ ಸರಿಯಾದ ಕ್ರಮ. ತೊಳೆದು ಮೆತ್ತಗಾದ ಹಳೇ ಹತ್ತಿ ಸೀರೆಯಲ್ಲಿ ಸುತ್ತುವುದು. ಮಳೆ ಹೋದ ಮೇಲೆ ಒಂದು ಸಲ ಬಿಡಿಸಿ ಗಾಳಿ ತೋರಿಸಿ, ಮಡಚುವಾಗ ಹಿಂದಿನ ಮಡಿಕೆ ಬಿಟ್ಟು ಬೇರೆ ಕಡೆ ಮಡಚಿ. ಒಂದೇ ಗೆರೆಯಲ್ಲಿ ಮಡಚಿದರೆ ಅಲ್ಲೇ ಸೀಳುತ್ತದೆ.

ಹಂಪನಕಟ್ಟೆ ಟೈಲರ್

ಮಗಳೇ, ಆ ಕೈ ಹೊಲಿಗೆ ಕಾರ್ಖಾನೆಯದ್ದಲ್ಲ. ಯಾರೋ ಆಮೇಲೆ ಸಣ್ಣದು ಮಾಡಿಕೊಂಡಿದ್ದಾರೆ. ಎರಡು ಸಾಲಿನ ನಡುವೆ ಎಷ್ಟು ಉಂಟು ಅಳೆದು ಹೇಳಿ.

ಬೆಂದೂರಿನ ಮಗಳು

ಒಂದೊಂದು ಪಕ್ಕದಲ್ಲಿ ಅರ್ಧ ಇಂಚಿಗೆ ಸ್ವಲ್ಪ ಜಾಸ್ತಿ.

ಹಂಪನಕಟ್ಟೆ ಟೈಲರ್

ಹಾಗಾದರೆ ಲೆಕ್ಕ ಮಾಡಿ. ಒಂದು ಪಕ್ಕದಲ್ಲಿ ಮುಂದಿನ ಬಟ್ಟೆ ಅರ್ಧ, ಹಿಂದಿನ ಬಟ್ಟೆ ಅರ್ಧ, ಸೇರಿ ಒಂದು ಇಂಚು. ಎರಡು ಪಕ್ಕ ಅಂದರೆ ಎರಡು ಇಂಚು. ನಿಮಗೆ ಬೇಕಾದದ್ದು ಅಷ್ಟೇ ಅಲ್ವಾ? ಕೈ ಹೊಲಿಗೆ ಬಿಚ್ಚಿದರೆ ಸಾಕು. ಕಾರ್ಖಾನೆಯವರ ಹೊಲಿಗೆ ಹಾಗೇ ನಿಲ್ಲುತ್ತದೆ, ಕತ್ತರಿ ಬಟ್ಟೆಗೆ ತಾಗುವುದೇ ಇಲ್ಲ.

ಮಣಿಪಾಲ ಕಪಾಟು

ಒಂದು ನಿಮಿಷ. ಟೈಲರ್ ಅಣ್ಣನ ಲೆಕ್ಕ ಸರಿ. ಆದರೆ ಆ ಕೈ ಹೊಲಿಗೆ ಹಾಕಿದ್ದು ಯಾರು? ಮಾವ್ಶಿಯೇ ಆಗಿದ್ದರೆ ಈ ಗೌನಿನಲ್ಲಿ ಬೇರೆ ಯಾರ ಹತ್ತಿರವೂ ಇಲ್ಲದ್ದು ಅದೊಂದೇ. ಲಾರಾ ಆಶ್ಲಿ ಲೇಬಲ್ ಸಾವಿರ ಗೌನಿನಲ್ಲಿ ಉಂಟು. ನಾನಾದರೆ ಬಿಚ್ಚುವುದಿಲ್ಲ.

ಕಿನ್ನಿಗೋಳಿ ಮಗ್ಗ

ನನಗೂ ಹಾಗೇ ಅನ್ನಿಸುತ್ತದೆ. ಅಜ್ಜನ ಕೈಯ ಒಂದು ಗಂಟು ಸಿಕ್ಕಿದರೂ ನಾನು ಬಿಚ್ಚಲಿಕ್ಕಿಲ್ಲ.

ಹಂಪನಕಟ್ಟೆ ಟೈಲರ್

ನೀವಿಬ್ಬರೂ ಹೇಳುವುದು ಅರ್ಥವಾಗುತ್ತದೆ. ಹೊಲಿದವರು ಬದುಕಿದ್ದಾರೆ, ಅವರನ್ನೇ ಕೇಳಿದರೆ ಆಯಿತು.

ಬೆಂದೂರಿನ ಮಗಳು

ಎಲ್ಲರಿಗೂ ಮೊಂತಿ ಫೆಸ್ತಿನ ಶುಭಾಶಯ. ಒಂದೂವರೆ ತಿಂಗಳು ಬರೆಯಲಾಗಲಿಲ್ಲ, ಕ್ಷಮಿಸಿ.

ಕೇಳಿದೆ. ಮಾವ್ಶಿದೇ ಹೊಲಿಗೆ. 1976ರ ಚಳಿಗಾಲದಲ್ಲಿ ಆರು ತಿಂಗಳು ರಾತ್ರಿ ಡ್ಯೂಟಿ ಇತ್ತಂತೆ. ಹಗಲು ನಿದ್ದೆ ಬಾರದು, ಊಟ ಸೇರದು, ಮನೆ ನೆನಪು. ಮೈ ಇಳಿದು ಗೌನು ಜೋತುಬಿತ್ತು. ಹಾಗೆ ಫೋಟೋದಲ್ಲಿ ಕಂಡರೆ ಅಮ್ಮ ಅಳುತ್ತಾರೆ ಅಂತ ಹಾಸ್ಟೆಲಿನ ಕೋಣೆಯಲ್ಲಿ ಕೂತು ಪಕ್ಕ ಹಿಡಿದು ಹೊಲಿದುಕೊಂಡರಂತೆ. ನೂಲು ಆಸ್ಪತ್ರೆಯ ಏಪ್ರನ್ನಿಗೆ ಗುಂಡಿ ಹಾಕಲು ಇಟ್ಟಿದ್ದದ್ದು, ಅದಕ್ಕೆ ಬಿಳಿ. ಅಂದರೆ ನಾನು ಚಿಕ್ಕಂದಿನಿಂದ ನೋಡಿದ ಆ ಫೋಟೋದಲ್ಲಿ ಈ ಹೊಲಿಗೆ ಒಳಗೆ ಇತ್ತು.

ಮಣಿಪಾಲದ ಅಕ್ಕ ಬಿಚ್ಚಬೇಡಿ ಅಂದದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕನ್ನಡಕ ತರಲು ಹೇಳಿದರು. ಜಪಮಾಲೆ ಇಡುವ ಡಬ್ಬಿಯಿಂದ ಸಣ್ಣ ಕತ್ತರಿ ತೆಗೆದು, ಕಿಟಕಿ ಹತ್ತಿರ ಕೂತು ಅವರೇ ಬಿಚ್ಚಿದರು. ನನಗೆ ಮುಟ್ಟಲು ಬಿಡಲಿಲ್ಲ. ಎರಡು ಪಕ್ಕಕ್ಕೆ ಒಂದು ಗಂಟೆ ಹಿಡಿಯಿತು. "ಆಗ ತೆಳ್ಳಗಿದ್ದೆ, ಈಗ ಬೇಡ" ಅಂತ ಒಂದೇ ಮಾತು. ಬಿಚ್ಚಿದ ನೂಲನ್ನು ನಾನು ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ.

ಬೂಷ್ಟು ಹೋಯಿತು. ತುಕ್ಕಿನ ಕಲೆ ಅಲ್ಲೇ ಉಂಟು. ಹುಕ್ಕು ಟೈಲರ್ ಅಣ್ಣ ಬದಲಾಯಿಸಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಗೌನಿನ ಅಳತೆ ಕಾಗದದ ಮೇಲೆ ಬರೆದುಕೊಂಡಿದ್ದಾರೆ. ಕಿನ್ನಿಗೋಳಿ ಅಣ್ಣ ಹತ್ತಿ ಬಟ್ಟೆ ನೇಯ್ದು ಕೊಟ್ಟರೆ ಇದೇ ಕಟಿಂಗಿನಲ್ಲಿ ಇನ್ನೊಂದು ಹೊಲಿಯುತ್ತಾರಂತೆ.

ಇವತ್ತು ಬೆಳಿಗ್ಗೆ ಹಾಕಿಕೊಂಡು ಇಗರ್ಜಿಗೆ ಹೋದೆ. ಸರಿಯಾಗಿ ಕೂತಿತು. ಹೊಸ ತೆನೆ ಹಿಡಿದು ವಾಪಸು ಬರುವಾಗ ಮಾವ್ಶಿ ನನ್ನ ಕೈ ಹಿಡಿದು ನಡೆದರು. ಬೆಳಕಿನಲ್ಲಿ ನೋಡಿದರೆ ಎರಡು ಪಕ್ಕದಲ್ಲೂ ಒಂದು ಇಂಚು ಅಗಲದ ಪಟ್ಟಿ ಉಳಿದ ಗೌನಿಗಿಂತ ಕೆಂಪಾಗಿ ಕಾಣುತ್ತದೆ. ಇಷ್ಟು ವರ್ಷ ಬೆಳಕು ತಾಗದ ಬಟ್ಟೆ.

ಮಣಿಪಾಲ ಕಪಾಟು

ಆ ಪಟ್ಟಿಯ ಫೋಟೋ ಹಾಕಿ. ಮಾವ್ಶಿ ಜೊತೆ ನಿಂತದ್ದೂ.

ಕಿನ್ನಿಗೋಳಿ ಮಗ್ಗ

ಹಾಸು ಹಾಕಲು ಮಳೆ ಪೂರ್ತಿ ನಿಲ್ಲಬೇಕು. ದೀಪಾವಳಿ ಕಳೆದ ಮೇಲೆ ಶುರು ಮಾಡುತ್ತೇನೆ. ಎಷ್ಟು ಮೀಟರ್ ಬೇಕು ಟೈಲರ್ ಅಣ್ಣ?

ಮತ್ತೆ ಮಣಿಪಾಲದ ಅಕ್ಕ, ನಿಮ್ಮ ಅತ್ತೆಯ ಸೀರೆಯ ಫೋಟೋ ನೋಡಿದೆ. ಉಡುಪಿ ಸೀರೆಯೇ. ಕೈಯಲ್ಲಿ ಹಿಡಿದು ನೋಡಬೇಕು, ಭಾನುವಾರ ಬರಬಹುದಾ?

ಹಂಪನಕಟ್ಟೆ ಟೈಲರ್

ಫ್ರಿಲ್ ಸೇರಿ ಐದೂವರೆ ಮೀಟರ್. ಆರು ಇರಲಿ, ಪಕ್ಕದಲ್ಲಿ ಮಾರ್ಜಿನ್ ಬಿಡುತ್ತೇನೆ.